ಮಹಡಿ ತಲುಪದ ಉತ್ತರಗಳು

ಗಂಟಲಿನ ದನಿಪೆಟ್ಟಿಗೆ ತೆಗೆಸಿಕೊಂಡು ದಾವಣಗೆರೆಯಿಂದ ಕೊಟ್ಟೂರಿಗೆ ವಾಪಸು ಬಂದ ಮೇಲೆ ನನ್ನ ಗೆಳೆಯ ನನ್ನೊಡನೆ ಆಡಿದ ಮೊದಲ ಮಾತು ಒಂದು ಬೈಗುಳ. ಆಡಿದ ಅನ್ನುವುದೂ ಸರಿಯಲ್ಲ. ಮಹಡಿಯ ಕೋಣೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಕೀಲಿ ಕುಟ್ಟಿ ತೆರೆಯ ಮೇಲೆ ಮೂಡಿಸಿದ: "ಲೇ ಮಂಗ್ಯಾ, ಅಳಬ್ಯಾಡ. ಕೀಬೋರ್ಡ್ ತೊಯ್ದ್ರ ಇನ್ನೊಂದು ಎಲ್ಲೂ ಸಿಗಂಗಿಲ್ಲ."

ನಾನು ಅಳುತ್ತಿದ್ದದ್ದು ನಿಜ. ಅವನ ಕತ್ತಿನ ನಡುವೆ ಒಂದು ತೂತು, ಅದರ ಮೇಲೆ ಇಳಿಬಿಟ್ಟ ಬಿಳಿ ಬಟ್ಟೆ. ಉಸಿರಾಡಿದಾಗಲೆಲ್ಲ ಬಟ್ಟೆ ಒಳಕ್ಕೆ ಅಂಟಿಕೊಂಡು ಮತ್ತೆ ಹೊರಕ್ಕೆ ಉಬ್ಬುತ್ತಿತ್ತು. ಮೂಗಿನಿಂದ ಒಂದು ನಳಿಗೆ ಇಳಿದಿತ್ತು. ಗಂಜಿ, ನೀರು, ಔಷಧಿ ಎಲ್ಲ ಅದರಲ್ಲೇ. ಕ್ಯಾನ್ಸರಿನ ಇಂಜೆಕ್ಷನ್ನುಗಳು ಅವನ ಕಿವಿಯನ್ನೂ ಮಂದ ಮಾಡಿದ್ದವು, ಬೆರಳ ತುದಿಗಳನ್ನೂ ಜೋಮು ಹಿಡಿಸಿದ್ದವು. ವರ್ಷಗಟ್ಟಲೆ ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಕೆಲಸ ಮಾಡಿದವನು. ಈಗ ಬಾಯಿ ಇತ್ತು, ಅದರಿಂದ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ನಾವಿಬ್ಬರೂ ಡಿಪ್ಲೊಮಾದಲ್ಲಿ ಒಂದೇ ಬೆಂಚಿನವರು. ಅವನು ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯವನು. ಅಣ್ಣಂದಿರೆಲ್ಲ ಕುರಿ ಹಿಂದೆ ಹೋದರು, ಅವನೊಬ್ಬ ಶಾಲೆಗೆ ಹೋದ. ಓದು ಮುಗಿದ ಮೇಲೆ ಇಬ್ಬರೂ ಸೇರಿ ಕೊಟ್ಟೂರಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸು, ಜೊತೆಗೆ ಲಗ್ನಪತ್ರಿಕೆ, ಕರಪತ್ರ ಟೈಪು ಮಾಡಿಕೊಡುವ ಅಂಗಡಿ ತೆಗೆದೆವು. ಆಗ ತೆರೆಯ ಮೇಲೆ ಕನ್ನಡ ಮೂಡಿಸುವ ಪ್ರೋಗ್ರಾಂ ನಮಗೆ ಎಟುಕುವಂತಿರಲಿಲ್ಲ. ಅವನೇ ಕೂತು ಬರೆದ. ಅ ಹೇಗೆ ಕಾಣಬೇಕು, ಒತ್ತು ಎಲ್ಲಿ ಬೀಳಬೇಕು ಎಂದು ಚುಕ್ಕಿ ಚುಕ್ಕಿ ಇಟ್ಟು ಅಕ್ಷರ ಕೂರಿಸಿದ. ಕ್ಲಾಸಿಗೆ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಅವನಿಗಿಂತ ಜೋರಾಗಿ ಟೈಪು ಮಾಡತೊಡಗಿದಳು. ಅವಳನ್ನೇ ಮದುವೆಯಾದ. ಮಕ್ಕಳಾಗಲಿಲ್ಲ. ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮಾಸ್ತರಿಕೆ ಸಿಕ್ಕಿತು, ನಾನು ಹೊರಟುಬಂದೆ. ಅವರಿಬ್ಬರೂ ಅಂಗಡಿಯನ್ನು ಝೆರಾಕ್ಸು, ಲ್ಯಾಮಿನೇಶನ್ ಎಂದು ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡು ಅಲ್ಲೇ ಉಳಿದರು.

ಹೊಸ ಯಂತ್ರಗಳು ಬಂದಾಗ ಎಲ್ಲರೂ ಹಳೆಯವನ್ನು ಗುಜರಿಗೆ ಹಾಕಿದರೆ ಇವನು ಮಹಡಿಗೆ ಹೊತ್ತು ಹಾಕಿದ. ನಡುವಯಸ್ಸು ದಾಟಿದ ಮೇಲೆ ಅದೇ ನಮ್ಮಿಬ್ಬರ ಹುಚ್ಚಾಯಿತು. ಭಾನುವಾರ ನಾನು ಕೊಟ್ಟೂರಿಗೆ ಹೋಗುವುದು, ಇಬ್ಬರೂ ಮಹಡಿಯಲ್ಲಿ ಕೂತು ಆ ಮುದಿ ಯಂತ್ರಗಳಿಗೆ ಜೀವ ತುಂಬುವುದು. ಅವಕ್ಕಾಗಿ ಒಂದು ಟರ್ಮಿನಲ್ ಪ್ರೋಗ್ರಾಂ ಕೂಡ ಬರೆದೆವು. ಅಂದರೆ ಇಷ್ಟೇ, ಒಂದು ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದು ತಂತಿಯೊಳಗೆ ಹಾದು ಇನ್ನೊಂದರ ತೆರೆಯ ಮೇಲೆ ಕಾಣಬೇಕು. ಮೊದಲು ಇಂಗ್ಲಿಷಿಗೆ ಬರೆದದ್ದು. ಆಮೇಲೆ ಅವನು ತನ್ನ ಕನ್ನಡವನ್ನೂ ಅದಕ್ಕೆ ಜೋಡಿಸಿದ. ಯಾರಿಗೂ ಬೇಡದ ಕೆಲಸ ಅದು. ನಮ್ಮಂಥ ಕೆಲವರು ಎಲ್ಲೆಲ್ಲೋ ಇದ್ದರು, ಇಂಟರ್ನೆಟ್ಟಿನಲ್ಲಿ ಇಟ್ಟರೆ ಇಳಿಸಿಕೊಂಡು ಸಂತೋಷಪಡುತ್ತಿದ್ದರು.

ಅದು ನಿಜವಾಗಿ ಉಪಯೋಗಕ್ಕೆ ಬಂದದ್ದು ಅವನ ಕಾಯಿಲೆಯಲ್ಲಿ.

ಅವನು ಮಹಡಿಯ ಮೇಲೆ ಮಲಗಿರುತ್ತಿದ್ದ. ಹೆಂಡತಿ ಕೆಳಗೆ ಅಂಗಡಿಯಲ್ಲಿ. ಅವನಿಗೆ ಕೂಗಲು ದನಿಯಿಲ್ಲ, ಅವಳು ಕೂಗಿದರೆ ಕೇಳಿಸುವುದಿಲ್ಲ. ಮೊಬೈಲು ಕೊಟ್ಟು ನೋಡಿದೆವು. ಜೋಮು ಹಿಡಿದ ಬೆರಳಿಗೆ ಗಾಜು ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ, ಒಂದು ಅಕ್ಷರ ಒತ್ತಲು ಹೋಗಿ ಮೂರು ಒತ್ತುತ್ತಿದ್ದ. ಸಿಟ್ಟು ಬಂದು ಎಸೆದೇಬಿಟ್ಟ. ಆದರೆ ಹಳೆಯ ಕೀಬೋರ್ಡಿನ ಕೀಲಿಗಳು ದಪ್ಪ, ಒತ್ತಿದರೆ ಟಕ್ ಎಂದು ಕೈಯೆಲ್ಲ ಅದುರುತ್ತದೆ. ಅದರ ಮೇಲೆ ಅವನ ಕೈ ಮೂವತ್ತು ವರ್ಷದಿಂದ ಓಡಾಡಿತ್ತು. "ಬೆರಳಿಗೆ ಗೊತ್ತಾಗದಿದ್ರೂ ಎಲುಬಿಗೆ ಗೊತ್ತಾಗ್ತದ" ಎಂದು ಬರೆದ. ಹೊಸ ಕಂಪ್ಯೂಟರ್ ತಂದುಕೊಡುತ್ತೇನೆ ಎಂದರೆ ತಲೆ ಅಲ್ಲಾಡಿಸಿದ. ಅವನಿಗೆ ಅದೇ ಬೇಕಿತ್ತು. ಅದರಲ್ಲಿ ಮಾಡಲು ಕೆಲಸವೂ ಇತ್ತು.

ಹೀಗೆ ಮಹಡಿಯಲ್ಲೊಂದು, ಅಂಗಡಿಯ ಮೇಜಿನ ಮೇಲೊಂದು ಹಳೆಯ ಕಂಪ್ಯೂಟರ್ ಇಟ್ಟೆವು. ಗೋಡೆಯ ಮೇಲೆ ಹಳೆಯ ಟೆಲಿಫೋನಿನ ವೈರು ಇತ್ತು. ಅದರಲ್ಲಿ ಸರಿಯಾಗಿದ್ದ ಎಳೆಗಳು ಮೂರೇ. ಕಳಿಸಲು ಒಂದು, ಪಡೆಯಲು ಒಂದು, ಅರ್ಥಿಂಗಿಗೆ ಒಂದು. ಸಾಕು ಎಂದುಕೊಂಡೆವು. ತೆರೆಯನ್ನು ಎರಡು ಪಾಲು ಮಾಡಿದೆವು. ಮೇಲಿನರ್ಧದಲ್ಲಿ ಆ ಕಡೆಯವರು ಬರೆದದ್ದು, ಕೆಳಗಿನರ್ಧದಲ್ಲಿ ಈ ಕಡೆಯವರು ಬರೆದದ್ದು.

ಮೊದಲ ವಾರ ಅಕ್ಷರಗಳು ಉದುರತೊಡಗಿದವು. ಅವಳು "ಬಂದೆ, ಒಲಿ ಮ್ಯಾಲೆ ಗಂಜಿ ಐತಿ" ಎಂದು ಬರೆದರೆ ಅವನಿಗೆ "ಬಂದೆ, ಒಲಿ ಮ್ಯಾ ಜಿ ಐತಿ" ಎಂದು ಕಾಣುತ್ತಿತ್ತು. ಕಾರಣ ಬೇಗ ಸಿಕ್ಕಿತು. ಆ ಯಂತ್ರಕ್ಕೆ ಕನ್ನಡ ಅಕ್ಷರ ಬಿಡಿಸುವುದೇ ನಿಧಾನ, ಸಾಲು ತುಂಬಿ ತೆರೆ ಮೇಲಕ್ಕೆ ಸರಿಯುವಾಗ ಇನ್ನೂ ನಿಧಾನ. ಅಷ್ಟರಲ್ಲಿ ತಂತಿಯಲ್ಲಿ ಬಂದ ಅಕ್ಷರಗಳಿಗೆ ನಿಲ್ಲಲು ಜಾಗವಿಲ್ಲದೆ ಬಿದ್ದುಹೋಗುತ್ತಿದ್ದವು. ಇದಕ್ಕೆ ಪರಿಹಾರ ನಮ್ಮ ಪ್ರೋಗ್ರಾಮಿನಲ್ಲೇ ಇತ್ತು, ಆದರೆ ಅದನ್ನು ಆಫ್ ಮಾಡಿ ಇಟ್ಟಿದ್ದೆವು. ಪಡೆಯುವ ಯಂತ್ರ 'ತಡಿ' ಎಂದು ಒಂದು ಗುರುತು ಕಳಿಸುತ್ತದೆ. ಆ ಕಡೆಯದು ನಿಲ್ಲುತ್ತದೆ. ಇದು ಸುಧಾರಿಸಿಕೊಂಡು 'ಕಳಿಸು' ಎಂಬ ಇನ್ನೊಂದು ಗುರುತು ಕೊಟ್ಟ ಮೇಲೆ ಅದು ಮುಂದುವರಿಸುತ್ತದೆ. ಅದನ್ನು ಚಾಲೂ ಮಾಡಿದೆವು. ಅಕ್ಷರ ಉದುರುವುದು ನಿಂತಿತು. ಅವತ್ತು ಅವನು ಬಹಳ ಖುಷಿಯಾಗಿದ್ದ. ಕತ್ತಿನ ತೂತಿನಿಂದ ಬುಸ್ ಬುಸ್ ಎಂದು ಗಾಳಿ ಬಂತು, ಅದು ನಗು ಎಂದು ನನಗೆ ತಡವಾಗಿ ತಿಳಿಯಿತು.

ಎರಡು ಭಾನುವಾರ ಶಾಲೆಯ ಕೆಲಸದಿಂದ ನಾನು ಹೋಗಲಾಗಲಿಲ್ಲ. ಮುಂದಿನ ಸಲ ಹೋದಾಗ ಮನೆಯ ಗಾಳಿಯೇ ಬೇರೆಯಾಗಿತ್ತು. ಅವಳು ಅಂಗಡಿಯಲ್ಲಿ ತಲೆಯೆತ್ತದೆ, "ಬರ್ರಿ ಅಣ್ಣಾ, ಮ್ಯಾಲೆ ಅದಾರ" ಎಂದಳು. ಮೇಲೆ ಹೋದರೆ ಗಂಜಿಯ ಪಾತ್ರೆ ನೆಲದ ಮೇಲೆ ಬೋರಲಾಗಿತ್ತು. ಗಂಜಿ ಗೋಡೆಗೂ ಸಿಡಿದಿತ್ತು.

ನಾನು ಅವನ ಪಕ್ಕ ಕೂತು ಬರೆದೆ. ಅವನ ಕಿವಿ ಮಂದವಾದ್ದರಿಂದ ನಾವು ಹಾಗೆಯೇ, ಕೆಳಗಿನ ತೆರೆಗೆ ಹೋಗದಂತೆ ಟರ್ಮಿನಲ್ ಪ್ರೋಗ್ರಾಂ ಮುಚ್ಚಿ, ಕೀಬೋರ್ಡನ್ನು ಅತ್ತ ಇತ್ತ ತಳ್ಳಿಕೊಂಡು ಮಾತಾಡುತ್ತಿದ್ದೆವು.

"ಏನಾತು?"

"ಆಕಿಗೆ ಸಾಕಾಗೇತಿ."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನೀರು ಕೇಳಿದ್ರ ಉತ್ತರ ಕೊಡ್ತಾಳ. ಗಂಜಿ ಒಲ್ಲೆ ಅಂದ್ರ ಉತ್ತರ ಕೊಡ್ತಾಳ. ಔಷಧಿ ಕೇಳಿದ್ರ ಸುಮ್ನ ಇರ್ತಾಳ. ಪ್ರತೀ ಸಲ. ನಾನು ಒದ್ದಾಡ್ತಿರ್ತೀನಿ, ಕೆಳಗ ಆಕಿ ಸುಮ್ನ ಕುಂತಿರ್ತಾಳ."

ನೋವಿಗೆ ಅವನಿಗೊಂದು ಕಹಿ ದ್ರಾವಣ ಕೊಟ್ಟಿದ್ದರು. ಹೊತ್ತು ಹೊತ್ತಿಗೆ ಇಷ್ಟೇ ಎಂದು ಅಳೆದು, ನಳಿಗೆಯಲ್ಲಿ ಬಿಡಬೇಕು. ಹೆಚ್ಚು ಕೊಟ್ಟರೆ ಉಸಿರು ನಿಲ್ಲಬಹುದು ಎಂದು ಡಾಕ್ಟರು ಅವಳಿಗೆ ಒತ್ತಿ ಒತ್ತಿ ಹೇಳಿ ಕಳಿಸಿದ್ದರು. ನೋವು ಆ ಹೊತ್ತಿನವರೆಗೆ ಕಾಯುತ್ತಿರಲಿಲ್ಲ.

"ಇನ್ನೊಂದು ಕೇಳು" ಎಂದು ಅವನು ಮುಂದುವರಿಸಿದ. "ಎಲ್ಲಾ ಮುಗಿದು, ಔಷಧಿ ಕೊಟ್ಟು ಹೋದ ಮ್ಯಾಲೆ, ಎಷ್ಟೋ ಹೊತ್ತಾದ ಮ್ಯಾಲೆ ಬರ್ದು ಕಳಸ್ತಾಳ. 'ತಡೀರಿ, ಬಂದೆ, ಇನ್ನೂ ಹೊತ್ತಾಗಿಲ್ಲ' ಅಂತ. ಒಮ್ಮೆಲೇ ಎಲ್ಲಾ. ನಾಟಕ ಅದು. ಆಗ್ಲೇ ಬರ್ದಿದ್ದೆ ಅಂತ ತಾನು ತೋರ್ಸಾಕ."

ನಾನು ಕೆಳಗೆ ಬಂದು ಅವಳನ್ನು ಕೇಳಿದೆ. ಅವಳು ಒಬ್ಬರ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕುತ್ತಿದ್ದಳು. ಗಿರಾಕಿ ಹೋಗುವವರೆಗೆ ಬಾಯಿ ಬಿಡಲಿಲ್ಲ.

"ನಾನು ಬರ್ದೇ ಬರೀತೀನಿ ಅಣ್ಣಾ. ಅವ್ರು ಕೇಳಿದ ಕೂಡ್ಲೇ ಬರೀತೀನಿ. ನನ್ನ ಕಡಿ ಕಾಣ್ತದ, ಬರ್ದದ್ದು. ಮ್ಯಾಲೆ ಹೋದ್ರ ನನ್ನ ಮುಖಾನೂ ನೋಡಂಗಿಲ್ಲ. ಕೈ ಮುಗ್ದು ಹೇಳ್ದೆ, ನಾನು ಬರ್ದೀನ್ರಿ ಅಂತ. ಗೋಡಿ ಕಡಿ ತಿರುಗಿಬಿಟ್ರು. ನೋವು ಬಂದಾಗ ಜೋರು ಜೋರು ಕುಟ್ತಾರ, ಮಷಿನ್ ಕೆಡ್ತಿರ್ಬೇಕು ಅಂತ ನಾನು ಅನ್ಕೊಂಡೀನಿ."

ಜೋರಾಗಿ ಕುಟ್ಟಿದರೆ ಕೆಡುವಂಥದ್ದಲ್ಲ ಅದು. ಆದರೆ ಏನೋ ಕೆಟ್ಟಿದೆ ಎಂದು ನನಗೂ ಅನಿಸಿತು. ಅವತ್ತು ಸಂಜೆಯವರೆಗೆ ವೈರಿನ ಜೋಡಣೆಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಅಂಗಡಿಯ ಇನ್ವರ್ಟರ್ ಪಕ್ಕದಲ್ಲೇ ವೈರು ಹಾದುಹೋಗಿತ್ತು, ಅದನ್ನು ದೂರ ಸರಿಸಿದೆ. ಒಂದು ಹಳೆಯ ಲಗ್ನಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಕಳಿಸಿದೆ, ಒಂದು ಕರಪತ್ರವನ್ನು ಮೇಲಿನಿಂದ ಕೆಳಕ್ಕೆ ಕಳಿಸಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಅವನು ಮಂಚದಿಂದ ನೋಡುತ್ತಿದ್ದ. ನಾನು ಸಾಮಾನು ಚೀಲಕ್ಕೆ ಹಾಕುವಾಗ ಕೀಬೋರ್ಡ್ ಎಳೆದುಕೊಂಡು ಬರೆದ: "ನೋಡ್ದ್ಯಲ್ಲ? ಮಷಿನ್ ಸರಿ ಐತಿ."

ನಾನು ಅವನಿಗೆ ಸಮಾಧಾನ ಹೇಳಲು ಹೋಗಿ ಅವನ ಅನುಮಾನಕ್ಕೆ ಮುದ್ರೆ ಒತ್ತಿದಂತಾಯಿತು. ರೈಲಿನಲ್ಲಿ ಬರುವಾಗ ಉದ್ದಕ್ಕೂ ಅದೇ ಕೊರೆಯಿತು.

ಮುಂದಿನ ವಾರವೂ ಹೋದೆ, ಆಮೇಲಿನ ವಾರವೂ ಹೋದೆ. ಅವನು ಇನ್ನೂ ಬತ್ತಿದ್ದ. ಕತ್ತಿನ ಒಂದು ಪಕ್ಕ ಮತ್ತೆ ಗಂಟು ಎದ್ದಿತ್ತು. ಗಂಜಿ ಹಾಕಲು ಅವಳು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದ, ನಾನು ಹಾಕಿದರೆ ಸುಮ್ಮನಿರುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿ, ಪಾತ್ರೆ ತೆಗೆದುಕೊಂಡು ಇಳಿದುಹೋಗುತ್ತಿದ್ದಳು. ನನ್ನ ಮುಂದೆ ಒಮ್ಮೆಯೂ ಕಣ್ಣೀರು ಹಾಕಲಿಲ್ಲ. ಮಾತು ಮಾತ್ರ ಕಡಿಮೆಯಾಗುತ್ತ ಹೋಯಿತು.

ವಿಷಯ ಬಯಲಿಗೆ ಬಂದದ್ದು ಒಂದು ಮಧ್ಯಾಹ್ನ. ಅವಳು, "ಅಣ್ಣಾ, ಅಂಗಡಿ ನೋಡ್ಕೋರಿ, ಮೆಡಿಕಲ್ ಶಾಪಿಗೆ ಹೋಗಿ ಬಂದೆ" ಎಂದು ಹೋದಳು. ನಾನು ಅವಳ ಕುರ್ಚಿಯಲ್ಲಿ ಕೂತಿದ್ದೆ. ಅವನು ಮಲಗಿದ್ದಾನೆಂದು ತಿಳಿದಿದ್ದೆ. ತೆರೆಯ ಮೇಲಿನರ್ಧದಲ್ಲಿ ಅಕ್ಷರ ಮೂಡತೊಡಗಿದವು.

"ಔಷಧಿ."

ನಾನು ಕೂಡಲೇ ಬರೆದೆ: "ಲೇ, ನಾನು ಕೆಳಗ ಅದೀನಿ. ಆಕಿ ಮೆಡಿಕಲ್ ಶಾಪಿಗೆ ಹೋಗ್ಯಾಳ. ಈಗ ಬರ್ತಾಳ."

"ಔಷಧಿ ಕೊಡು."

"ತಡಿಯೋ, ಬರ್ತಾಳ. ನಾನು ಮ್ಯಾಲೆ ಬರ್ಲಾ?"

"ಕಿವುಡ ನಾನೋ ನೀನೋ."

ನನ್ನ ಬೆರಳು ನಿಂತವು. ಅವನು ಬರೆಯುತ್ತಲೇ ಇದ್ದ. "ಸಾಯ್ಲಿ ಅಂತ ಕುಂತೀಯೇನು. ಕುಂದ್ರು. ಸತ್ತ ಮ್ಯಾಲೆ ಮ್ಯಾಲೆ ಬಾ. ನಿನ್ನ ಕೈಯಾಗಿನ ನೀರೂ ಬ್ಯಾಡ." ಇನ್ನೂ ಇದ್ದವು. ಹೆಂಡತಿಗೆ ಗಂಡ ಅನ್ನಬಾರದ ಮಾತುಗಳು, ಮದುವೆಯಾದ ಹೊಸದರಿಂದ ಎಣಿಸಿ ಎಣಿಸಿ ತೆಗೆದ ಮಾತುಗಳು. ಪ್ರತಿ ದಿನ ಈ ಕುರ್ಚಿಯಲ್ಲಿ ಕೂತು, ಗಿರಾಕಿಗಳ ನಡುವೆ, ಅವಳು ಇದನ್ನೇ ಓದುತ್ತಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಅಂಗಡಿ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ.

ಅವನು ಕೀಬೋರ್ಡಿನ ಮೇಲೆ ಬಾಗಿ ಕೂತಿದ್ದ, ಮುಖವೆಲ್ಲ ಬೆವರು. ನನ್ನನ್ನು ನೋಡಿ ಬೆಚ್ಚಿದ. ಅವನ ತೆರೆಯಲ್ಲಿ ಒಂದು ಅರ್ಧ ತುಂಬಿತ್ತು, ಅವನದೇ ಮಾತುಗಳು. ಇನ್ನೊಂದು ಅರ್ಧ ಖಾಲಿ. ನಾನು ಬರೆದ ಒಂದು ಅಕ್ಷರವೂ ಅಲ್ಲಿರಲಿಲ್ಲ.

ಕೀಬೋರ್ಡ್ ನನ್ನ ಕಡೆ ಎಳೆದುಕೊಂಡೆ. "ಕೆಳಗ ಇದ್ದದ್ದು ನಾನು. ನಾನು ಉತ್ತರ ಬರ್ದೀನಿ. ಬಂದಿಲ್ಲ."

ಅವನು ಅದನ್ನು ಓದಿದ. ಮತ್ತೆ ಓದಿದ. ಕತ್ತಿನ ಬಟ್ಟೆ ಜೋರಾಗಿ ಏರಿಳಿಯುತ್ತಿತ್ತು.

ಅಷ್ಟರಲ್ಲಿ ಅವಳು ಬಂದಳು. ಹೊತ್ತು ನೋಡಿ, ಅಳೆದು, ಔಷಧಿ ಬಿಟ್ಟಳು. ಅವನು ಅವಳ ಕೈ ನೋಡುತ್ತಿದ್ದ, ಮುಖ ನೋಡಲಿಲ್ಲ. ನೋವು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಆ ಹೊತ್ತಿನಲ್ಲಿ ಕೆಳಗಿನ ಯಂತ್ರದ ಪ್ರೋಗ್ರಾಮಿಗೆ ಒಂದು ಸಣ್ಣ ಸೇರ್ಪಡೆ ಮಾಡಿದೆ. ತೆರೆಯ ಮೂಲೆಯಲ್ಲಿ ಒಂದು ಗುರುತು, ಯಂತ್ರ ಕಳಿಸುವ ಸ್ಥಿತಿಯಲ್ಲಿದ್ದರೆ 'ಕ', ತಡೆದು ನಿಂತಿದ್ದರೆ 'ತ'. ಆಮೇಲೆ ಅವನಿಗೆ ಹೇಳಿ ಬಂದೆ, ಇವತ್ತು ಬರೆದದ್ದನ್ನೇ ಇನ್ನೊಮ್ಮೆ ನಿಧಾನಕ್ಕೆ ಬರಿ ಎಂದು.

ಕೆಳಗೆ ನಾನು, ಪಕ್ಕದಲ್ಲಿ ಅವಳು. ಮೂಲೆಯಲ್ಲಿ 'ಕ' ಇತ್ತು. ಮೇಲಿನಿಂದ 'ಔ' ಬಂತು. ಮೂಲೆಯಲ್ಲಿ 'ತ' ಆಯಿತು.

ಅವಳಿಗೆ ಏನಾದರೂ ಬರೆ ಎಂದೆ. "ಕೇಳ್ತದೇನ್ರಿ" ಎಂದು ಬರೆದಳು. ಅದು ನಮ್ಮ ಕಡೆಯ ತೆರೆಯಲ್ಲಿ ಚೆನ್ನಾಗಿಯೇ ಕಂಡಿತು. ಹೊರಗೆ ಹೋಗಲಿಲ್ಲ, ಯಂತ್ರದ ಹೊಟ್ಟೆಯಲ್ಲೇ ಉಳಿಯಿತು. ಮೇಲಿನವನು ಬರೆಯುತ್ತಿದ್ದದ್ದು ಬರುತ್ತಲೇ ಇತ್ತು. ಆಮೇಲೆ ಅವನು ನಾನು ಹೇಳಿದ್ದನ್ನು ಬಿಟ್ಟು ಬೇರೇನೋ ಬರೆದ: "ಒಬ್ಬನ ಕೈಲಿ ಆಗಲ್ಲ, ಮ್ಯಾಲೆ ಬಾ." 'ಒ' ಬಿದ್ದದ್ದೇ ತಡ ಮೂಲೆಯಲ್ಲಿ ಮತ್ತೆ 'ಕ'. ಒಳಗೆ ಸಿಕ್ಕಿಕೊಂಡಿದ್ದ ಅವಳ ಮಾತು ಒಮ್ಮೆಲೇ ಮೇಲಕ್ಕೆ ಹೋಯಿತು.

ಇಬ್ಬರೂ ಮೇಲೆ ಹೋದೆವು. ಅವನು ಆಗಲೇ ಪ್ರೋಗ್ರಾಮಿನ ಮೂಲ ಬರಹ ತೆರೆದು ಓದುತ್ತಿದ್ದ. ಪುಟ ಪುಟ ಸರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ತೆರೆಯ ಗಾಜಿಗೆ ಉಗುರು ತಾಕಿ ಬೆಳ್ಳಗಾಗುವಷ್ಟು ಒತ್ತಿ ಇಟ್ಟ.

ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. 'ತಡಿ' ಎಂಬ ಗುರುತು ಹತ್ತೊಂಬತ್ತು, 'ಕಳಿಸು' ಎಂಬುದು ಹದಿನೇಳು. ಇಂಗ್ಲಿಷಿನ ಅಕ್ಷರಗಳೆಲ್ಲ ನೂರಿಪ್ಪತ್ತೆಂಟರ ಒಳಗೆ ಮುಗಿಯುತ್ತವೆ. ಅವನು ತನ್ನ ಕನ್ನಡವನ್ನು ಅದರ ಮೇಲಿನ ಸಂಖ್ಯೆಗಳಲ್ಲಿ ಕೂರಿಸಿದ್ದ. ಬರೀ ಇಂಗ್ಲಿಷಿದ್ದ ಕಾಲದಲ್ಲಿ ಬರೆದ ಆ ಸಾಲು ಗುರುತುಗಳನ್ನು ಹುಡುಕುವ ಮುಂಚೆ, ಬಂದ ಸಂಖ್ಯೆ ದೊಡ್ಡದಿದ್ದರೆ ಅದರಿಂದ ನೂರಿಪ್ಪತ್ತೆಂಟನ್ನು ಕತ್ತರಿಸಿ ಹಾಕುತ್ತಿತ್ತು. ಅವನ ಪಟ್ಟಿಯಲ್ಲಿ ಔ ನೂರಾ ನಲವತ್ತೇಳು. ಕತ್ತರಿಸಿದರೆ ಹತ್ತೊಂಬತ್ತು. ಒ ನೂರಾ ನಲವತ್ತೈದು, ಕತ್ತರಿಸಿದರೆ ಹದಿನೇಳು. ಅಕ್ಷರ ತೆರೆಯ ಮೇಲೆ ಸರಿಯಾಗಿಯೇ ಮೂಡುತ್ತಿತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಅವನು ಔಷಧಿ ಎಂದು ಬರೆದ ಕ್ಷಣ ಕೆಳಗಿನ ಯಂತ್ರ ಅವಳ ಉತ್ತರಗಳನ್ನು ತಡೆಹಿಡಿಯುತ್ತಿತ್ತು. ನಾನು ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದೇ ಕಡೆಯಿಂದ ಕಳಿಸುತ್ತಿದ್ದೆ. ನಿಲ್ಲುತ್ತಿದ್ದದ್ದು ಇನ್ನೊಂದು ಕಡೆ. ಹಾಗಾಗಿ ನನಗೆ ಸಿಗಲಿಲ್ಲ.

ಮತ್ತೆ ಅವು ಬಿಡುಗಡೆಯಾಗುತ್ತಿದ್ದದ್ದು ಯಾವಾಗ ಎಂದು ಅವನಿಗೂ ಹೊಳೆಯಿತು. ಸಿಟ್ಟಿನಲ್ಲಿ ಅವನು ದಿನಕ್ಕೆ ಎಷ್ಟೋ ಸಲ ಬರೆಯುತ್ತಿದ್ದ ಒಂದು ಮಾತಿತ್ತು. ಗಂಜಿ ಒಲ್ಲೆ. ನೀರು ಒಲ್ಲೆ. ಆ ಒ ತಲುಪಿದಾಗ ಅವಳ 'ತಡೀರಿ, ಬಂದೆ' ಎಲ್ಲ ಒಮ್ಮೆಲೇ ಅವನ ತೆರೆಗೆ ಬಂದು ಬೀಳುತ್ತಿದ್ದವು. ಅವನು ಅದನ್ನು ನಾಟಕ ಅಂದುಕೊಂಡ.

"ಈ ಸಾಲು ನಂದು" ಎಂದು ಬರೆದ.

ಅವಳಿಗೆ ನಾನು ಬಾಯಿಮಾತಿನಲ್ಲಿ ಬಿಡಿಸಿ ಹೇಳಿದೆ. ಅವಳು ಅರ್ಥ ಮಾಡಿಕೊಂಡಳು, ಅವಳೇನು ಕಂಪ್ಯೂಟರ್ ತಿಳಿಯದವಳಲ್ಲ. ಔಷಧಿಯ ಸಿರಿಂಜನ್ನು ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಅವನು ಅವಳ ಮಣಿಕಟ್ಟು ಹಿಡಿಯಲು ಕೈ ಚಾಚಿದ. ಅವಳು ಹಿಡಿಯಗೊಟ್ಟಳು, ಆದರೆ ಅವನ ಕಡೆ ನೋಡದೆ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಕೈ ಬಿಡಿಸಿಕೊಂಡು ಕೆಳಗಿಳಿದಳು.

ಸಾಲು ತಿದ್ದುವುದು ಏನು ಮಹಾ. ಚಹಾ ಆರುವಷ್ಟು ಹೊತ್ತು. ಎರಡೂ ಯಂತ್ರಕ್ಕೆ ಹೊಸ ಪ್ರೋಗ್ರಾಂ ಹಾಕಿ ನಾನು ಅಂಗಡಿಗೆ ಬಂದಾಗ ಅವಳು ಕುರ್ಚಿಯಲ್ಲಿ ಕೂತು ಖಾಲಿ ತೆರೆ ನೋಡುತ್ತಿದ್ದಳು.

"ಅಣ್ಣಾ, ಮಷಿನ್ ತಪ್ಪು ಅಂತ ಗೊತ್ತಾದ ಮ್ಯಾಲೆ ನಂಬಿದ್ರು. ನಾನು ಹೇಳಿದಾಗ ನಂಬ್ಲಿಲ್ಲ."

ನೋವಿನಲ್ಲಿ ಮನುಷ್ಯ ತಾನಾಗಿರುವುದಿಲ್ಲ ಎಂದು ಏನೋ ಅಂದೆ.

"ಅದು ಖರೇ. ಆದ್ರ ನಂದೂ ಒಂದು ತಪ್ಪು ಐತಿ" ಎಂದಳು. "ಔಷಧಿ ಹೊತ್ತಾಗಿರ್ತಿದ್ದಿಲ್ಲಲ್ಲ, ಆಗ ಮ್ಯಾಲೆ ಹೋಗಿ ಇಲ್ಲ ಅನ್ನಾಕ ನನ್ನ ಕೈಲಿ ಆಗ್ತಿದ್ದಿಲ್ಲ. ಆ ಕಣ್ಣು ನೋಡ್ಕೋಂತ ಹೆಂಗ ಇಲ್ಲ ಅನ್ಲಿ? ಇಲ್ಲಿ ಕುಂತು ಬರಿಯೋದು ಹಗುರಾಗಿತ್ತು. ಬರ್ದು, ಮುಟ್ತು ಅನ್ಕೊಂಡು ಸುಮ್ನ ಕುಂದ್ರತಿದ್ದೆ" ಎಂದಳು.

ಆಗಲೇ ಮೇಲಿನಿಂದ ಬಂತು: "ಔಷಧಿ ಔಷಧಿ ಔಷಧಿ." ಅದು ಪರೀಕ್ಷೆ. ಮೂಲೆಯ ಗುರುತು ಅಲುಗಲಿಲ್ಲ.

ನಾನು ಹೇಳಿದ್ದಕ್ಕೆ ಅವಳು ಬರೆದಳು: "ಬಂತೇನ್ರಿ?"

"ಬಂತು."

ಆಮೇಲೆ ಅಕ್ಷರಗಳು ಬಂದವು, ಅಳಿಸಿಹೋದವು, ಮತ್ತೆ ಬಂದವು. ಕೊನೆಗೆ ನಿಂತದ್ದು ಇಷ್ಟು: "ತಪ್ಪು ನಂದು. ಆ ಸಾಲಿಂದಲ್ಲ."

ಅವಳು ಅದನ್ನು ನೋಡಿದಳು. ಒಬ್ಬರು ಪಹಣಿ ಝೆರಾಕ್ಸಿಗೆ ಬಂದರು. ಎದ್ದು ತೆಗೆದುಕೊಟ್ಟಳು. ವಾಪಸು ಬಂದು ಕೂತಳು.

"ಉತ್ತರ ಬರೀ ತಂಗಿ" ಎಂದೆ.

"ಈಗ ಬರ್ದ್ರ ಮುಟ್ತದೇನು?"

"ಮುಟ್ತದ."

"ಬ್ಯಾಡ ಬಿಡ್ರಿ. ನೀವು ಅಂಗಡಿ ನೋಡ್ಕೋರಿ" ಎಂದು ಎದ್ದು ಮಹಡಿ ಹತ್ತಿದಳು. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ನನ್ನ ರೈಲಿನ ಹೊತ್ತು ಮೀರಿತು, ಬಸ್ಸಿಗೆ ಹೋದೆ.

ಎಲ್ಲ ಸರಿಹೋಯಿತು ಎಂದು ಹೇಳುವ ಆಸೆ ನನಗಿದೆ. ಹಾಗಾಗಲಿಲ್ಲ. ಆ ದಿನದಿಂದ ಅವನು ಔಷಧಿ ಕೇಳುವುದನ್ನೇ ಬಿಟ್ಟ. ಹೊತ್ತಿಗೆ ಕೊಟ್ಟರೆ ಸರಿ, ಅದರ ನಡುವೆ ಎಂಥ ನೋವು ಬಂದರೂ ಆ ಮಾತನ್ನು ಬರೆಯಲಿಲ್ಲ. ಹಲ್ಲು ಕಚ್ಚಿ, ಮಂಚದ ಪಟ್ಟಿ ಹಿಡಿದು ಮಲಗಿರುತ್ತಿದ್ದ. ಅವಳು ಮುಖ ನೋಡಿ ಕಂಡುಹಿಡಿಯಬೇಕಾಯಿತು. ಕೆಳಗಿದ್ದರೆ ಮುಖ ಕಾಣುವುದಿಲ್ಲವಲ್ಲ, ಅದಕ್ಕೆ ಅರ್ಧ ದಿನ ಅಂಗಡಿಯ ಶಟರ್ ಎಳೆದು ಮೇಲೆಯೇ ಕೂರತೊಡಗಿದಳು. ಅಷ್ಟು ಕಷ್ಟಪಟ್ಟು ಸರಿಮಾಡಿದ ತಂತಿಯಲ್ಲಿ ಆಮೇಲೆ ಹೆಚ್ಚೇನೂ ಓಡಾಡಲಿಲ್ಲ. ನಾನು ಒಮ್ಮೆ ಅವನಿಗೆ ಬೈದು ಬರೆದೆ, ನೋವಾದರೆ ಕೇಳೋ ಎಂದು. "ಕೇಳಿ ಕೇಳಿ ಆಕೀನ ಸುಟ್ಟೀನಿ. ಸಾಕು" ಎಂದು ಉತ್ತರ ಕೊಟ್ಟ. ಅವಳು ದಾವಣಗೆರೆಗೆ ಮತ್ತೆ ಹೋಗಿ ಔಷಧಿಯ ಪ್ರಮಾಣ ಹೆಚ್ಚಿಸಿಕೊಂಡು ಬಂದಳು. ಅಲ್ಲಿಂದಾಚೆ ಅವನು ಮಲಗಿದ್ದೇ ಹೆಚ್ಚು.

ಅವನು ಹೋದದ್ದು ಒಂದು ಬೆಳಿಗ್ಗೆ. ಅವಳು ಗಂಜಿ ಸೋಸುತ್ತಿದ್ದಳಂತೆ. ಕತ್ತಿನ ಬಟ್ಟೆ ಅಲುಗುವುದು ನಿಂತದ್ದನ್ನು ನೋಡಿದಳಂತೆ.

ಕೂಡ್ಲಿಗಿ ಕಡೆಯ ಅವನ ಹಳ್ಳಿಯಲ್ಲಿ, ಅಣ್ಣಂದಿರ ಹೊಲದಲ್ಲಿ ಮಣ್ಣು ಮಾಡಿದರು. ಹೊಲದ ಆಚೆ ಕುರಿಗಳು ನಿಂತಿದ್ದವು. ದೊಡ್ಡಣ್ಣ ಕಂಬಳಿ ಹೆಗಲಿಗೇರಿಸಿಕೊಂಡು ನನ್ನ ಹತ್ತಿರ ಬಂದು, "ಮಾಸ್ತರ, ನೀವು ಜತೀಗಿದ್ರಿ. ಕಡೀಗೆ ಏನಂದ ನಮ್ಮ ತಮ್ಮ?" ಎಂದು ಕೇಳಿದ. ಏನೂ ಹೇಳಲಿಲ್ಲ ಎಂದೆ. ಅವನು ತಲೆದೂಗಿ, ಹುಡುಗನಿದ್ದಾಗ ಬಹಳ ಮಾ‌ತಾಡುತ್ತಿದ್ದ, ಬಾಯಿ ಮುಚ್ಚು ಅಂತ ನಾವೇ ಹೊಡೀತಿದ್ವಿ ಎಂದ.

ತಿಥಿಯ ಕಾರ್ಯಗಳು ಮುಗಿದ ಮೇಲೆ ನಾನು ಕೊಟ್ಟೂರಿಗೆ ಹೋದೆ. ಮಹಡಿಯ ಕೋಣೆ ತೊಳೆದು ಒಣಗಲು ಬಿಟ್ಟಿದ್ದಳು. ಮೂಲೆಯಲ್ಲಿ ಯಂತ್ರ ಬಟ್ಟೆ ಮುಚ್ಚಿಕೊಂಡು ಕೂತಿತ್ತು.

"ಅಣ್ಣಾ, ಇದ್ರಾಗ ಅವ್ರು ಬರ್ದದ್ದು ಎಲ್ಲರೆ ಉಳ್ದಿರ್ತದೇನು?" ಎಂದಳು.

"ಇಲ್ಲ ತಂಗಿ. ತೆರೆ ತುಂಬಿದ ಹಂಗ ಮ್ಯಾಲಿಂದು ಹೋಗಿಬಿಡ್ತದ. ಎಲ್ಲೂ ಇಟ್ಕೊಳ್ಳಂಗಿಲ್ಲ."

"ಬೈದದ್ದೂ ಇಲ್ಲೇನು?"

"ಅದೂ ಇಲ್ಲ."

ಅವಳು ಕಿಟಕಿಯ ಪಟ್ಟಿಯ ಮೇಲೆ ಕೈಯಿಟ್ಟು ನಿಂತಿದ್ದಳು. "ದನಿ ಇದ್ದಾಗಿಂದು ಮೊಬೈಲಿನ್ಯಾಗ ಒಂದೂ ಇಟ್ಟಿಲ್ಲ ನಾವು. ಯಾರು ಇಡ್ತಾರ, ಮನ್ಯಾಗ ಇರೋ ಮನಷ್ಯಾಂದು" ಎಂದಳು. "ಬೈಗಳಾದ್ರೂ ಇದ್ದಿದ್ರ ಓದ್ತಿದ್ದೆ."

ನಾನು ಮಹಡಿಯ ಯಂತ್ರ ಬಿಚ್ಚತೊಡಗಿದೆ. ಬೇಡ, ಅಲ್ಲೇ ಇರಲಿ ಎಂದಳು. ಅಂಗಡಿಯದನ್ನು ಬೇಕಾದರೆ ಒಯ್ಯಿರಿ, ಮೇಜು ಬೇಕು ಎಂದಳು. ಅದನ್ನು ಒಂದು ಗೋಣಿಚೀಲದಲ್ಲಿ ಸುತ್ತಿ ಆಟೋಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ಬಂದೆ. ರೈಲು ತಡವಿತ್ತು. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಅದನ್ನು ಇಳಿಸಿಕೊಂಡು ಕೂತೆ. ಹರಪನಹಳ್ಳಿ ಕಡೆ ಹೋಗುವ ಮುದುಕಿಯೊಬ್ಬಳು ಇದೇನಪ್ಪಾ ಇಷ್ಟು ಭಾರದ್ದು ಎಂದು ಕೇಳಿದಳು. ಹಳೇ ಟಿವಿ ಎಂದೆ.